ಸೂರಿನಡಿ ಆಡದ ಮಾತು

ಲಷ್ಕರ್ ಮೊಹಲ್ಲಾದ ಜಟಕಾ ಜ್ಞಾನಪ್ಪನನ್ನು ನಿನ್ನ ಊರು ಯಾವುದು ಎಂದು ಯಾರು ಕೇಳಿದರೂ ಇಲವಾಲ ಎಂದೇ ಹೇಳುತ್ತಿದ್ದ. ಅಪ್ಪ ಅವ್ವ ಹೊಲ ಉಳುತ್ತಿದ್ದರು, ಜ್ವರ ಬಂದು ಇಬ್ಬರೂ ಹೋದರು, ಪಾದ್ರಿಗಳು ತಂದು ಸಾಕಿದರು. ಮೂವತ್ತೇಳು ವರ್ಷ ಇದನ್ನೇ ಹೇಳಿ ಹೇಳಿ, ಹೊಲದ ಬದುವಿನಲ್ಲಿ ಎರಡು ಹುಣಸೆಮರವಿತ್ತು ಎನ್ನುವ ಮಟ್ಟಕ್ಕೆ ಬೆಳೆಸಿದ್ದ. ಹುಣಸೆಮರ ಇರಲಿಲ್ಲ. ಹೊಲವೂ ಇರಲಿಲ್ಲ. ತೀರಿಕೊಂಡ ಹೆಂಡತಿ ಕ್ರಿಸ್ತಿನಾಳಿಗೂ ಅವನು ನಿಜ ಹೇಳಿರಲಿಲ್ಲ.

ನಿಜವೆಂದರೆ ಅವನು ಹುಟ್ಟಿದ್ದು ಹುಣಸೂರು ದಾಟಿ ಎರಡು ದಿನ ನಡೆದರೆ ಸಿಗುವ ಕಾಡಿನಲ್ಲಿ. ಹಗ್ಗ ಇಳಿಬಿಟ್ಟುಕೊಂಡು ಬಂಡೆಗಳಿಂದ ಜೇನಿಳಿಸುವ ಮೂವತ್ತು ನಲವತ್ತು ಜನ. ಅವರ ಮಾತು ಪಕ್ಕದ ಹಾಡಿಯವರಿಗೂ ತಿಳಿಯುತ್ತಿರಲಿಲ್ಲ. ಆ ಮಾತಿಗೆ ಒಂದು ಕಟ್ಟು ಇತ್ತು. ಸೂರಿನ ಕೆಳಗೆ ಅದನ್ನು ಆಡಬಾರದು. ಗುಡಿಸಲೊಳಗೆ ಸನ್ನೆ, ಇಲ್ಲವೇ ಮೌನ. ಬಾಯಿ ಬಿಡಬೇಕಾದರೆ ಹೊರಗೆ ಬರಬೇಕು, ತಲೆಯ ಮೇಲೆ ಆಕಾಶವೋ ಮರವೋ ಇರಬೇಕು. ಸೂರಿನಡಿ ಮಾತಾಡಿದವನ ಹಗ್ಗ ಬಂಡೆಯ ಮೇಲೆ ಹರಿಯುತ್ತದೆ ಎಂದು ತಾಯಿ ಬಾಯ ಮೇಲೆ ಹೊಡೆದು ಕಲಿಸಿದ್ದಳು. ಎಂಟನೆಯ ವಯಸ್ಸಿನಲ್ಲಿ, ಜ್ವರ ಎಲ್ಲರನ್ನೂ ಗುಡಿಸಿಕೊಂಡು ಹೋಗುತ್ತಿದ್ದಾಗ, ಮರ ಸಾಗಿಸುವ ಗಾಡಿಯವನೊಬ್ಬ ಅವನನ್ನು ಮೈಸೂರಿಗೆ ತಂದು ಪಾದ್ರಿಗಳಿಗೆ ಒಪ್ಪಿಸಿದ. ಅಲ್ಲಿಂದಾಚೆಗೆ ಆ ಮಾತನ್ನು ಅವನು ಬಯಲಿನಲ್ಲೂ ಆಡಲಿಲ್ಲ. ಆಡುವುದಾದರೂ ಯಾರ ಹತ್ತಿರ?

ಸಾವಿರದ ಒಂಬೈನೂರ ಇಪ್ಪತ್ತಾರರ ಜನವರಿ. ಮಗಳು ಜಯಮೇರಿಯ ಮದುವೆ ಗೊತ್ತಾಗಿತ್ತು. ಹುಡುಗ ಅಮಲದಾಸ್. ಹುಡುಗನ ತಂದೆ ಸಿಲ್ವೆಸ್ಟರ್ ರೈಲ್ವೆಯ ಗೂಡ್ಸ್ ಗುಮಾಸ್ತ. ಕುಲ ವಿಚಾರಿಸದೆ ಕ್ಷೌರದವನ ಮುಂದೆಯೂ ಕೂರದ ಮನುಷ್ಯ. ಇಲವಾಲದ ಒಕ್ಕಲು ಮನೆತನ ಎಂದ ಮೇಲೆಯೇ ತಲೆಯಾಡಿಸಿದ್ದ. ಚರ್ಚಿನಲ್ಲಿ ಮೂರು ಭಾನುವಾರ ಜೋಡಿಯ ಹೆಸರು ಕೂಗಬೇಕು, ತಕರಾರಿದ್ದವರು ಹೇಳಬೇಕು. ಎರಡು ಸಲ ಕೂಗಿಯಾಗಿತ್ತು. ಒಂದು ಉಳಿದಿತ್ತು.

ಆ ಭಾನುವಾರಕ್ಕೆ ಎರಡು ದಿನವಿರುವಾಗ, ಬೆಳಿಗ್ಗೆ ಎಂಟೂವರೆಗೆ, ದಫೇದಾರ್ ಕೃಷ್ಣಪ್ಪ ಜಟಕಾ ನಿಲ್ದಾಣಕ್ಕೆ ಬಂದ.

"ಲೇ ಜ್ಞಾನಪ್ಪ, ಕಟ್ಟೋ ಕುದುರೇನ. ಆಸ್ಪತ್ರೆಯಿಂದ ಒಂದು ಮುದುಕಿ, ಸ್ಟೇಷನ್ನಿಗೆ. ಒಂಬತ್ತೂವರೆ ರೈಲು. ಬೆಂಗಳೂರು ಹುಚ್ಚಾಸ್ಪತ್ರೆಗೆ ಪಾರ್ಸಲ್ಲು!"

"ಕಚ್ಚುತ್ತೋ ಹೆಂಗೆ?" ಎಂದು ಪಕ್ಕದ ಗಾಡಿಯವನು ನಕ್ಕ.

"ಬಾಯಿ ಬುಟ್ರೆ ತಾನೇ ಕಚ್ಚೋಕೆ? ನಲವತ್ತು ದಿನ ಆಯ್ತು ಕಣಯ್ಯಾ, ಒಂದ್ ಮಾತಿಲ್ಲ."

ಕಾಡಿನ ಗಾರ್ಡುಗಳು ಸುಟ್ಟ ಹುಲ್ಲಿನ ನಡುವೆ ಕಾಲು ಉಳುಕಿ ಬಿದ್ದಿದ್ದವಳನ್ನು ಹಿಡಿದು ತಂದಿದ್ದರಂತೆ. ಬೆಂಕಿಯಿಟ್ಟವಳು ಇವಳೇ ಎಂದು ಗುಮಾನಿ. ಆಸ್ಪತ್ರೆಯ ಕೋಣೆಯೊಳಗೆ ಕಾಲು ಕುಂಟಿ ನಡೆಯುವಷ್ಟು ವಾಸಿಯಾಯಿತು, ಬಾಯಿ ಬರಲಿಲ್ಲ. ಗುಡ್ಡಗಾಡಿನ ಭಾಷೆಗಳನ್ನು ಊರೂರು ತಿರುಗಿ ಬರೆದುಕೊಳ್ಳುವ ಪಂಡಿತ ಲಕ್ಷ್ಮೀನರಸಿಂಹಯ್ಯನವರನ್ನು ಕರೆಸಿದರು. ಅವರು ಕಚೇರಿಯ ಕೋಣೆಯಲ್ಲಿ ಕೂರಿಸಿಕೊಂಡು ಮೂರು ದಿನ ಏಳು ಭಾಷೆಯಲ್ಲಿ ಕೇಳಿ ಕೈಚೆಲ್ಲಿದರು. ಮಾತೂ ಇಲ್ಲ, ಬುದ್ಧಿಯೂ ಇಲ್ಲ ಎಂದು ಡಾಕ್ಟರು ಕಾಗದ ಬರೆದರು.

ಜ್ಞಾನಪ್ಪ ಗಾಡಿಯನ್ನು ಆಸ್ಪತ್ರೆಯ ಅಂಗಳದ ಹೊಂಗೆಮರದ ಕೆಳಗೆ ನಿಲ್ಲಿಸಿದ. ಮುದುಕಿ ಮೆಟ್ಟಿಲಿಳಿದು ಬಂದಳು. ಹಿಡಿಯಷ್ಟು ಜೀವ. ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಮರದ ಕೊಂಬೆಯನ್ನು ನೋಡಿ, ಮೆಲ್ಲಗೆ ಮಾತಾಡಿದಳು.

ಜ್ಞಾನಪ್ಪನ ಕೈಯಿಂದ ಲಗಾಮು ಜಾರಿತು.

ಅದು ಕನ್ನಡವಲ್ಲ, ತಮಿಳಲ್ಲ, ಹಾಡಿಯವರ ಮಾತೂ ಅಲ್ಲ. "ನನ್ನನ್ನು ಎಲ್ಲಿಗೆ ಒಯ್ಯುತ್ತಾರೆ? ಯಾರೂ ಹೇಳುವುದಿಲ್ಲವಲ್ಲ" ಎಂದು ಅವಳು ಮರಕ್ಕೆ ಹೇಳುತ್ತಿದ್ದಳು. ಒಂದೊಂದು ಮಾತೂ ಅವನಿಗೆ ತಿಳಿಯಿತು.

"ನೋಡಿದ್ಯಾ, ಮರದ ಜೊತೆ ಮಾತು!" ಎಂದ ಕೃಷ್ಣಪ್ಪ. "ಇದಕ್ಕೇ ಅನ್ನೋದು ಹುಚ್ಚು ಅಂತ."

ಸ್ಟೇಷನ್ನಿನವರೆಗೆ ಜೊತೆಗೆ ಹೊರಟಿದ್ದ ಪಂಡಿತರು ಕಾಗದಪತ್ರ ಹಿಡಿದು ಮೆಟ್ಟಿಲಿಳಿಯುವ ಹೊತ್ತಿಗೆ ಅವಳನ್ನು ಗಾಡಿಯ ಕಮಾನಿನೊಳಕ್ಕೆ ತಳ್ಳಿಯಾಗಿತ್ತು. ತಲೆಯ ಮೇಲೆ ಸೂರು ಬಂದದ್ದೇ ತುಟಿ ಬಿಗಿದುಕೊಂಡಿತು.

ಗಾಡಿ ಹೊರಟಿತು. ಕುದುರೆ ತಾನಾಗಿಯೇ ಹೆಜ್ಜೆ ಹಾಕುತ್ತಿತ್ತು, ಹೊಡೆಯುವವನಿಗೆ ರಸ್ತೆ ಕಾಣುತ್ತಿರಲಿಲ್ಲ. ತಾನು ಬಾಯಿ ಬಿಟ್ಟರೆ ಇಲವಾಲ ಹೋಯಿತು. ಇಲವಾಲ ಹೋದರೆ ಜಯಮೇರಿಯ ಮದುವೆ ಹೋಯಿತು. ಬಾಯಿ ಮುಚ್ಚಿಕೊಂಡರೆ ಈ ಮುದುಕಿ ಸಾಯುವವರೆಗೂ ಹುಚ್ಚರ ನಡುವೆ, ಸೂರಿನ ಕೆಳಗೆ. ಇನ್ನೊಂದು ಮಾತೂ ಆಡಲಾರಳು. ಅವನಿಗೆ ಅವಳ ಮೇಲೇ ಸಿಟ್ಟು ಬಂತು. ಇನ್ನೆರಡು ದಿನ ತಡೆದು ಬರಬಾರದಿತ್ತೆ ಮುಂಡೇದು!

ತಾನು ಸಿಕ್ಕಿಬೀಳದೆ ಅವಳನ್ನು ಉಳಿಸುವ ದಾರಿಯೊಂದು ಹೊಳೆಯಿತು.

"ಬುದ್ಧೀ," ಎಂದು ಹಿಂದಕ್ಕೆ ತಿರುಗದೆ ಪಂಡಿತರನ್ನು ಕೇಳಿದ, "ಇವಳನ್ನ ಬಯಲಲ್ಲಿ ಕೂರಿಸಿ ಮಾತಾಡಿಸಿದ್ರಾ?"

"ಬಯಲಲ್ಲಿ ಯಾಕಯ್ಯಾ? ಕಚೇರಿಯಲ್ಲಿ ಕುರ್ಚಿ ಹಾಕಿ, ಗೌರವವಾಗಿ ಕೂರಿಸಿ ಕೇಳಿದ್ದೇನೆ."

"ಒಂದ್ ಗಳಿಗೆ ಇಲ್ಲೇ ಇಳಿಸಿ ನೋಡಿ ಬುದ್ಧಿ. ಆಗ್ಲೇ ಮರದ ಕೆಳಗೆ ಏನೋ ಅಂತಿದ್ಲು."

ಪಂಡಿತರು ಮುಂದಕ್ಕೆ ಬಾಗಿದರು. "ಏನಂದಳು?"

"ನನಗೇನು ಗೊತ್ತು ಬುದ್ಧಿ," ಎಂದ ಜ್ಞಾನಪ್ಪ.

"ಇಳ್ಸೋದೂ ಇಲ್ಲ, ಗಿಳ್ಸೋದೂ ಇಲ್ಲ!" ಕೃಷ್ಣಪ್ಪ ಲಾಠಿಯಿಂದ ಹಲಗೆ ಕುಟ್ಟಿದ. "ರೈಲು ತಪ್ಪಿದ್ರೆ ನಿನ್ನ ಕುದುರೆ ಎಳ್ಕೊಂಡೋಯ್ತದಾ ಬೆಂಗಳೂರಿಗೆ? ಹೊಡೀ ಸುಮ್ನೆ."

ಸ್ಟೇಷನ್ನಿನ ಅಂಗಳದಲ್ಲಿ ಇಳಿಸಿದ್ದೇ ತಡ, ಕೃಷ್ಣಪ್ಪ ಅವಳ ರಟ್ಟೆ ಹಿಡಿದು ದರದರನೆ ಚಾವಣಿಯ ಕೆಳಕ್ಕೆ ನಡೆಸಿಬಿಟ್ಟ. ಪಂಡಿತರು ಹಿಂದೆಯೇ ಓಡಿ, "ಮಾತಾಡಮ್ಮ, ಒಂದು ಮಾತು ಆಡು" ಎಂದು ಅಂಗಲಾಚಿದರು. ಅವಳು ಕಲ್ಲಾಗಿ ನಿಂತಿದ್ದಳು. ದೂರದಲ್ಲಿ ರೈಲಿನ ಕೂಗು ಕೇಳಿತು. ಅದೇ ಹೊತ್ತಿಗೆ ಗೂಡ್ಸ್ ಶೆಡ್ಡಿನ ಕಡೆಯಿಂದ ಬಗಲಲ್ಲಿ ಲೆಡ್ಜರ್ ಹಿಡಿದುಕೊಂಡು ಸಿಲ್ವೆಸ್ಟರ್ ಬಂದ.

"ಏನ್ ಬೀಗರೇ, ಬೆಳಿಗ್ಗೇನೇ ಹುಚ್ಚರ ಸವಾರಿನಾ?" ಎಂದು ನಕ್ಕ. "ಭಾನುವಾರ ಪೂಜೆ ಮುಗಿಸ್ಕೊಂಡು ನಮ್ಮನೇಗೆ ಬಂದ್ಬುಡಿ. ನಿಮ್ ಇಲವಾಲದ ಕಡೆಯವರು ಯಾರ್ಯಾರು ಬರ್ತಾರೆ, ಪಟ್ಟಿ ಮಾಡ್ಬೇಕು."

ಜ್ಞಾನಪ್ಪನ ಕಣ್ಣು ಅವನ ಭುಜದಾಚೆಗಿತ್ತು. ಚಾವಣಿಯ ಕಂಬದ ಪಕ್ಕದಿಂದ ಮುದುಕಿ ಬಯಲಿನ ಬಿಸಿಲನ್ನೇ ನೋಡುತ್ತಿದ್ದಳು. ನೀರಿನಲ್ಲಿ ಮುಳುಗುತ್ತಿರುವವರು ದಡ ನೋಡುವ ಹಾಗೆ. ರೈಲು ಬಂದು ನಿಂತಿತು. ಕೃಷ್ಣಪ್ಪ ಅವಳನ್ನು ಎಳೆದ.

ಜ್ಞಾನಪ್ಪನ ಬಾಯಿ ತೆರೆಯಿತು. ಅಂಗಳದ ನಡುವೆ ನಿಂತು ಅವನು ಕೂಗಿದ. ಮೂವತ್ತೇಳು ವರ್ಷದ ಕೆಳಗೆ ಒಬ್ಬ ಹುಡುಗ ಬಿಟ್ಟುಬಂದ ಮಾತಿನಲ್ಲಿ, ಆ ಹುಡುಗನಿಗೆ ಗೊತ್ತಿದ್ದಷ್ಟರಲ್ಲೇ ಕೂಗಿದ. "ಅಜ್ಜೀ, ಹೊರಗೆ ಬಾ! ಆಕಾಶದ ಕೆಳಗೆ ಬಾ!"

ಮುದುಕಿ ಗಕ್ಕನೆ ತಿರುಗಿದಳು. ದಫೇದಾರನ ಕೈಯನ್ನು ಯಾವ ಮಾಯದಲ್ಲಿ ಕೊಡವಿಕೊಂಡಳೋ, ಕುಂಟುತ್ತಾ ಓಡಿಬಂದಳು. "ಹಿಡೀರೋ!" ಎಂದು ಕೃಷ್ಣಪ್ಪ ಲಾಠಿ ಎತ್ತಿದ. ಜ್ಞಾನಪ್ಪ ನಡುವೆ ಬಂದ. ಏಟು ಅವನ ತೋಳಿಗೆ ಬಿತ್ತು.

"ತಡೆಯಯ್ಯಾ!" ಪಂಡಿತರು ಚೀರಿದರು. "ಅವಳು ಮಾತಾಡುತ್ತಿದ್ದಾಳೆ!"

ಮಾತಾಡುತ್ತಿದ್ದಳು. ನಲವತ್ತು ದಿನದ್ದು ಒಟ್ಟಿಗೇ ಬರುತ್ತಿತ್ತು. ಜೇನಿಗೆ ಹೊಗೆ ಹಾಕಲು ಹಚ್ಚಿದ ಒಣಸೊಪ್ಪಿನ ಸೂಡಿ ಕೈಜಾರಿ ಹುಲ್ಲಿಗೆ ಬಿತ್ತು, ಆರಿಸಲು ಇಳಿಯುವಾಗ ಕಾಲು ಉಳುಕಿತು. ಪಂಡಿತರು ಕೇಳಿದ್ದನ್ನೆಲ್ಲ ಜ್ಞಾನಪ್ಪ ಕನ್ನಡದಲ್ಲಿ ತಿರುಗಿಸಿ ಹೇಳಿದ. ಅವರ ಪೆನ್ಸಿಲು ಓಡುತ್ತಿತ್ತು. "ಇಂಥ ಭಾಷೆ ಯಾರೂ ಬರೆದಿಟ್ಟಿಲ್ಲವಪ್ಪಾ. ಇದಕ್ಕೆ ಹೆಸರೇ ಇಲ್ಲ."

"ಹೆಸರು ಯಾಕೆ ಬುದ್ಧಿ? ನಾವು ಮಾತು ಅಂತಿದ್ವಿ, ಅಷ್ಟೇ."

ನಾವು ಎಂದುಬಿಟ್ಟಿದ್ದ. ಸಿಲ್ವೆಸ್ಟರ್ ಅಲ್ಲೇ ನಿಂತಿದ್ದ.

ಮುದುಕಿ ಜ್ಞಾನಪ್ಪನ ಗದ್ದ ಹಿಡಿದು ಕೇಳಿದಳು, ನೀನು ಯಾರ ಮಗ? ಅವನು ತಾಯಿಯ ಹೆಸರು ಹೇಳಿದ. ಅವಳು ಆಕಾಶ ನೋಡಿ ಎದೆ ಬಡಿದುಕೊಂಡಳು. ಆ ಹೆಸರಿನವಳು ಜೇನಿಗೆ ಇಳಿಯುವಾಗ ಮೇಲೆ ನಿಂತು ಹಗ್ಗ ಹಿಡಿಯುತ್ತಿದ್ದವಳು ಅವಳೇ ಅಂತೆ.

ರೈಲು ಹೊರಟುಹೋಯಿತು. ತಮ್ಮ ಜವಾಬ್ದಾರಿಯ ಮೇಲೆ ಅವಳನ್ನು ನಿಲ್ಲಿಸಿಕೊಂಡಿದ್ದೇನೆಂದು ಪಂಡಿತರು ಕಾಗದದಲ್ಲಿ ರುಜು ಹಾಕಿ ಕೃಷ್ಣಪ್ಪನಿಗೆ ಕೊಟ್ಟರು.

"ಇಲವಾಲ ಅಂದಿದ್ರಲ್ಲ?" ಎಂದ ಸಿಲ್ವೆಸ್ಟರ್.

"ಸುಳ್ಳು ಹೇಳಿದ್ದೆ."

"ಹೊಲ? ಹುಣಸೆಮರ?"

"ಎಲ್ಲಾ ಸುಳ್ಳು ಕಣ್ರೀ. ನನ್ನ ಮಗಳಿಗೆ ಇದೇನೂ ಗೊತ್ತಿಲ್ಲ. ಅವಳ ಮೇಲೆ ಹಾಕಬೇಡಿ."

ಸಿಲ್ವೆಸ್ಟರ್ ಲೆಡ್ಜರನ್ನು ಇನ್ನೊಂದು ಬಗಲಿಗೆ ಬದಲಾಯಿಸಿಕೊಂಡು ನಡೆದುಹೋದ.

ಭಾನುವಾರ ಪಾದ್ರಿ ಸ್ವಾಮಿಗಳು ಬೇರೆ ಎರಡು ಜೋಡಿಯ ಹೆಸರು ಕೂಗಿ ಪುಸ್ತಕ ಮಡಿಸಿದರು. ಹೆಂಗಸರ ಸಾಲಿನಲ್ಲಿ ಜಯಮೇರಿ ಮುಸುಕು ಎಳೆದುಕೊಂಡಳು. ಗಂಡಸರ ಸಾಲಿನಲ್ಲಿ ಅಮಲದಾಸ್ ತಲೆ ಎತ್ತಲಿಲ್ಲ.

ಕಾಡಿಗೆ ಮರಳಿ ಬಿಡಲು ಅಪ್ಪಣೆ ಬರುವವರೆಗೆ ಮುದುಕಿ ಜ್ಞಾನಪ್ಪನ ಹಿತ್ತಲಲ್ಲಿ, ಕುದುರೆ ಕಟ್ಟುವ ಗೂಟದ ಬಳಿ ಇದ್ದಳು. ಒಳಗೆ ಬಾ ಎಂದರೆ ಬರಲಿಲ್ಲ. ಪಂಡಿತರು ದಿನವೂ ಬಂದು ಬಿಸಿಲಲ್ಲಿ ಕೂತು ಬರೆದುಕೊಂಡು ಹೋಗುತ್ತಿದ್ದರು. ಜಯಮೇರಿ ಅಪ್ಪನೊಂದಿಗೆ ಮಾತು ಬಿಟ್ಟಿದ್ದಳು. ತಟ್ಟೆ ಕುಕ್ಕಿ ಹೋಗುತ್ತಿದ್ದಳು.

ಐದನೆಯ ದಿನ ಅವಳು ಗಂಜಿಯ ಚೊಂಬು ಹಿಡಿದು ಬಾಗಿಲಲ್ಲಿ ನಿಂತಳು.

"ನಿನ್ ಮುದುಕಿ ಬೆಳಿಗ್ಗೆಯಿಂದ ಏನೂ ಮುಟ್ಟಿಲ್ಲ. ಬೇಕೋ ಬ್ಯಾಡ್ವೋ ಕೇಳು."

ಜ್ಞಾನಪ್ಪ ಎದ್ದ.

"ಇರು. ಕೂತ್ಕೋ. ನಾನೇ ಕೇಳ್ತೀನಿ," ಎಂದಳು. ಮುಖ ಇನ್ನೂ ಗಂಟಿಕ್ಕಿಕೊಂಡೇ ಇತ್ತು. "ಎಂಗನ್ಬೇಕು, ಹೇಳು."

ಅವನು ಹೇಳಲು ಬಾಯಿ ತೆರೆದವನು ಮೇಲೆ ಹೆಂಚು ನೋಡಿ ಸುಮ್ಮನಾದ. ಮಗಳ ಕೈ ಹಿಡಿದುಕೊಂಡು ಹಿತ್ತಲಿಗೆ ಇಳಿದ.