ಗಿಳಿಗೆ ಎಣ್ಣೆ ಹೊಡೆದದ್ದು

ನಮ್ಮ ಅತ್ತೆಯ ಗಿಳಿಗೆ ಹುಳ ಹತ್ತಿತ್ತು. ಕಟ್ಟಿಗೆಯ ಗಿಳಿ. ಕಿನ್ನಾಳದಲ್ಲಿ ಅವರಪ್ಪ ಕೈಯಾರೆ ಮಾಡಿ, ಮಗಳು ಗಂಡನ ಮನೆಗೆ ಹೊರಟಾಗ ಉಡಿಯಲ್ಲಿ ಹಾಕಿದ್ದು. “ನಮ್ಮಪ್ಪ ಹಚ್ಚಿದ ಹಸರು, ಇನ್ನೂ ಮಾಸಿಲ್ಲ ನೋಡು” ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು. ಈಗ ದಿನಾ ಬೆಳಿಗ್ಗೆ ಅದರ ಬುಡದಲ್ಲಿ ಹಿಟ್ಟಿನಂಥ ಪುಡಿ.

“ನೀ ಸೈನ್ಸ್ ಓದಿದಾಕಿ. ಅಪ್ಪಂದು ಅಂತ ಉಳಿದದ್ದು ಇದೊಂದಽ. ಉಳಿಸಿ ಕೊಡವ್ವಾ,” ಅಂದರು. ಕಣ್ಣಲ್ಲಿ ನೀರಿತ್ತು.

ನಾನು ಕೊಪ್ಪಳದ ಕಾಲೇಜೊಂದರ ಲ್ಯಾಬಿನಲ್ಲಿ ಸಹಾಯಕಿ. ದಾಲ್ಚಿನ್ನಿ ಎಣ್ಣೆಯೊಳಗಿನ ಸಿನ್ನಮಾಲ್ಡಿಹೈಡ್ ಎಂಬ ರಾಸಾಯನಿಕ ಬೂಷ್ಟನ್ನೂ ಹುಳವನ್ನೂ ಹೇಗೆ ಅಡಗಿಸುತ್ತದೆಂದು ಕಣ್ಣಾರೆ ಕಂಡವಳು. ಕಂದು ಬಣ್ಣದ ಪುಟ್ಟ ಬಾಟಲಿ ತರಿಸಿದೆ. ಬಿಸಿಲಿಗೆ ಇಡಬಾರದು, ಬರಿಗೈಲಿ ಮುಟ್ಟಬಾರದು, ಕೊಬ್ಬರಿ ಎಣ್ಣೆಯಲ್ಲಿ ಒಂದೆರಡು ಹನಿ ಬೆರೆಸಿ ತೂತಿಗಷ್ಟೇ ಬಿಡಬೇಕು, ತಪ್ಪಿದರೆ ಬಣ್ಣ ಕಿತ್ತು ಬರುತ್ತದೆ. ಇಷ್ಟೆಲ್ಲ ನನ್ನ ತಲೆಯಲ್ಲಿತ್ತು. ಬಸ್ಸಿನ ಅವಸರದಲ್ಲಿ ಗಂಡನಿಗೆ ಹೇಳಿದ್ದು ಮಾತ್ರ ಇಷ್ಟೇ: “ಅದು ಗಿಳಿ ಹುಳಕ್ಕ ತಂದ ಎಣ್ಣಿ ಐತ್ರಿ.”

ಅವರು ಹಿಟ್ನಾಳದ ಭತ್ತದ ರೈತರು. ನಮ್ಮ ಕಡೆ ಬೆಳೆಗೆ ಹೊಡೆಯುವ ಔಷಧಕ್ಕೆಲ್ಲ ಎಣ್ಣೆಯೆಂದೇ ಹೆಸರು. ಎಣ್ಣೆ ಬಂತೆಂದರೆ ಪಂಪು ಹುಡುಕುವುದೇ.

ಸಂಜೆ ಓಣಿಗೆ ಕಾಲಿಟ್ಟರೆ ಘಮಘಮ. ಶ್ರಾವಣ ಸೋಮವಾರ, ಉಳ್ಳಾಗಡ್ಡಿಯನ್ನೂ ಮುಟ್ಟದ ನಮ್ಮ ಮನೆಯ ಮುಂದೆ ನಾಲ್ಕು ಹೆಂಗಸರು ಮೂಗು ಅರಳಿಸಿ ನಿಂತಿದ್ದರು. “ಏನವ್ವಾ, ಸ್ವಾಮಾರ ದಿನಾನಽ ಬಿರಿಯಾನಿ ಭಾರಿ ಜೋರೈತಿ?”

ಒಳಗೆ ನಮ್ಮ ಯಜಮಾನರು ಕೈಪಂಪು ಹಿಡಿದು, ಕೆಂಪಗಾದ ಬೆರಳಿಗೆ ಉಫ್ ಉಫ್ ಎಂದು ಊದುತ್ತಿದ್ದರು. “ಪೂರಾ ಬಾಟ್ಲಿ ಹೊಡದೀನಿ. ಒಂದು ಹನಿ ನೀರು ಬೆರಸಿಲ್ಲ. ಒಂದು ಹುಳ ಉಳಿದ್ರ ಕೇಳು!”

ಗಿಳಿಯ ಹಸಿರು ಸುಲಿದು ಜೋತಾಡುತ್ತಿತ್ತು. “ನಿಮ್ಮ ಬುದ್ಧಿಗೆ ಏನು ಬಡಿದಿತ್ರಿ!” ಎಂದು ಚೀರಿದೆ. ಅತ್ತೆ ಹಳೆಯ ಅರಿವೆ ತಂದು ಮೆಲ್ಲಗೆ ಒರೆಸಿದರು. ಹಸಿರೆಲ್ಲ ಹೋಯಿತು. ಅದರ ಕೆಳಗೆ ಹಳದಿ ಎದೆ, ಕೆಂಪು ಕೊಕ್ಕು, ಕೂದಲೆಳೆಯಂಥ ಗೆರೆಯಲ್ಲಿ ಬರೆದ ಕಣ್ಣು.

“ಅಯ್ಯ ನನ್ನಪ್ಪಾ!” ಎಂದು ಗಿಳಿಯನ್ನು ಅವಚಿಕೊಂಡು ಅತ್ತರು.

ಆಗ ನನ್ನ ಕಣ್ಣು ಹಿತ್ತಿಲ ಬಾಗಿಲಿನ ಮೇಲೆ ಬಿತ್ತು. ಅದೇ ಹಸಿರು! “ಅತ್ತೀ, ಅಪ್ಪ ಹಚ್ಚಿದ ಬಣ್ಣ ಅಂತಿದ್ರಲ್ಲ?”

“ಬಾಗಲಿಗೆ ಹಚ್ಚಿ ಉಳಿದಿತ್ತು. ಹೊಸಾದು ಕಾಣ್ಲಿ ಅಂತ ನಾನಽ ಬಳಿದೆ. ಬಳಿದ ಮ್ಯಾಲ ಅಪ್ಪನ ಬಣ್ಣ ಮುಚ್ಚಿತು, ಎದಿ ಒಡೀತು, ಯಾರ ಮುಂದ ಹೇಳ್ಲಿ?” ಮೂಗು ಒರೆಸಿಕೊಂಡು ನನ್ನನ್ನು ದುರುಗುಟ್ಟಿ ನೋಡಿದರು. “ನೀನೂ ಯಾರ ಮುಂದೂ ಹೇಳಬ್ಯಾಡ ಮತ್ತ.”

ಪುಡಿ ಉದುರುವುದು ನಿಂತಿದೆ. ಯಾರ ಮುಂದೆಯೂ ನಾನು ಹೇಳಿಲ್ಲ. ಬರೆದಿದ್ದೇನೆ, ಅಷ್ಟೇ.