ತಲೆ ಬಗ್ಗಿಸಿ ಕೇಳಿದ ಚರಿತ್ರೆ

ವಸಂತಾಮಣಿ ಕೋತಗಿರಿಯ ಆಚೆಗಿರುವ ಒಂದು ಹಟ್ಟಿಯ ಹುಡುಗಿ. ಆ ಹಟ್ಟಿಯಲ್ಲಿ ಎಸ್ಸೆಸ್ಸೆಲ್ಸಿ ದಾಟಿದ ಗಂಡುಮಕ್ಕಳೇ ಇಬ್ಬರೋ ಮೂವರೋ. ಇವಳು ಕೊಯಮತ್ತೂರಿನ ಹಾಸ್ಟೆಲಿನಲ್ಲಿದ್ದುಕೊಂಡು ಚರಿತ್ರೆಯಲ್ಲಿ ಎಂ.ಎ. ಓದುತ್ತಿದ್ದಳು. ಅದು ಅರವತ್ತೇಳನೇ ಇಸವಿ.

ಕೊನೆಯ ವರ್ಷ ಒಂದು ದೊಡ್ಡ ಪ್ರಬಂಧ ಬರೆದು ಕೊಡಬೇಕು, ಅದಿಲ್ಲದೆ ಪದವಿ ಇಲ್ಲ. ಜೊತೆಯ ಹುಡುಗಿಯರೆಲ್ಲ ಒಬ್ಬೊಬ್ಬ ರಾಜನನ್ನು ಹಿಡಿದುಕೊಂಡು ಕೂತಿದ್ದರು. ಇವಳಿಗೆ ಮಾತ್ರ ಎರಡು ತಿಂಗಳಾದರೂ ಏನೂ ಹೊಳೆಯಲಿಲ್ಲ. ಕೊನೆಗೆ ಪಂಕಜಂ ಮೇಡಂ ತಾವೇ ಒಂದು ವಿಷಯ ತೆಗೆದುಕೊಟ್ಟರು. ತಂಜಾವೂರು ಕಡೆಯ ದೇವಸ್ಥಾನಗಳ ಶಾಸನ. ಮೂರು ತಿಂಗಳು ಅಲ್ಲೇ ಇದ್ದು ಓದಬೇಕು.

“ಅದು ಬೇಡವಾದರೆ ಸೋಮವಾರ ನಿನ್ನದೇ ವಿಷಯ ಒಂದು ಹಾಳೆಯಲ್ಲಿ ಬರೆದು ತಾ. ಆಮೇಲೆ ತಂದರೆ ನಾನು ನೋಡುವುದಿಲ್ಲ,” ಎಂದರು ಮೇಡಂ.

ಬುಧವಾರ ಬಸ್ಸಿಳಿದು ಮನೆಗೆ ಬಂದವಳು ಅಪ್ಪನ ಮುಂದೆ ತಂಜಾವೂರಿನ ಮಾತೆತ್ತಿದಳು. ಮಾದಗೌಡರು ಉಣ್ಣುತ್ತಿದ್ದ ಕೈ ನಿಲ್ಲಿಸಿದರು.

“ಹಾಸ್ಟೆಲಿಗಾದರೆ ಗೇಟಿದೆ, ಗೇಟಿಗೊಬ್ಬಳು ವಾರ್ಡನ್ ಇದ್ದಾಳೆ. ತಂಜಾವೂರಲ್ಲಿ ನಮಗೆ ಯಾರಿದ್ದಾರೆ?”

“ಚರಿತ್ರೆ ಇರೋದು ಅಲ್ಲಿ, ಅಪ್ಪ.”

“ಇಲ್ಲಿಲ್ವಾ? ಐದು ಗಂಟೆ ಬಸ್ಸಿಗೆ ಮನೆಗೆ ಬಂದು ಸೇರೋ ಅಂಥ ಚರಿತ್ರೆ ಯಾವುದಾದರೂ ನೋಡ್ಕೋ. ಇಲ್ಲಾಂದ್ರೆ ಓದಿದ್ದು ಸಾಕು.”

ಸಿಟ್ಟಿನ ಮಾತಲ್ಲ ಅದು, ಆದರೆ ಮಾದಗೌಡರು ಒಮ್ಮೆ ಹೇಳಿದರೆ ಮುಗಿಯಿತು. ಅವ್ವೆ ಮಗಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು.

ಹಟ್ಟಿಯಲ್ಲಿ ಯಾರ ಮನೆಯ ಸುದ್ದಿ ಆ ಮನೆಯಲ್ಲೇ ಉಳಿದಿದ್ದುಂಟು? ಮರುದಿನ ಬೆಳಿಗ್ಗೆಗೆಲ್ಲ ‘ವಸಂತಾಮಣಿಗೆ ವಿಷಯ ಬೇಕಂತೆ’ ಎಂದು ಊರಿಗೂರೇ ಹುಡುಕಲು ಕೂತಿತು. ಊರ ಮುಂದಿನ ಹುಲ್ಲಿನ ಮೇಲೆ ಕೂತಿದ್ದ ರಂಗ ಮಾವ ಕೈ ಬೀಸಿ ಕರೆದ.

“ನಮ್ಮಜ್ಜ ಹುಲೀನ ಗುದ್ದಲೀಲಿ ಹೊಡೆದದ್ದು ಬರಿ.”

“ಹೋದ ವರ್ಷ ಹೇಳೋವಾಗ ಅದು ಚಿರತೆ ಆಗಿತ್ತಲ್ಲ ಮಾವ?”

“ಎಂ.ಎ.ಗೆ ಚಿರತೆ ಸಾಕಾಗುತ್ತೇನೇ?”

ಇನ್ನೊಬ್ಬರು, ಈ ಬೆಟ್ಟಕ್ಕೆ ಮೊದಲು ಬಂದದ್ದು ನಮ್ಮ ಹಟ್ಟಿಯೇ ಎಂದು ಬರೆದುಬಿಡು, ಪಕ್ಕದ ಹಟ್ಟಿಯವರ ಬಾಯಿ ಮುಚ್ಚುತ್ತೆ ಎಂದರು. ಮತ್ತೊಬ್ಬರು, ಟೀ ವಿಷಯ ಬರಿ, ಸಾಕ್ಷಿ ಕೇಳಿದರೆ ಒಂದು ಲೋಟ ಕುಡಿಸಿದರಾಯಿತು ಎಂದರು. ವಸಂತಾಮಣಿಗೆ ನಗು ಬಂತು, ಹಾಳೆ ಮಾತ್ರ ಬಿಳಿಯಾಗಿಯೇ ಉಳಿಯಿತು. ಗುರುವಾರ ಹೋಯಿತು, ಶುಕ್ರವಾರವೂ ಹೋಯಿತು.

ಶನಿವಾರ ಬೆಳಿಗ್ಗೆ ನೀರಿಗೆ ಹೊರಟವಳಿಗೆ ನಂಜಜ್ಜ ಎದುರಾದ. ಎಂಬತ್ತು ದಾಟಿದ ಮುದುಕ. ಆ ಕಡೆಯ ರೀತಿ ಏನೆಂದರೆ, ಹಿರಿಯರು ಎದುರಾದರೆ ಮಾತಿಗೆ ಮೊದಲು ಅವರ ಮುಂದೆ ತಲೆ ಬಗ್ಗಿಸಬೇಕು. ಅವರು ತಲೆ ಮೇಲೆ ಕೈಯಿಟ್ಟು ಹರಸುತ್ತಾರೆ. ಹರಸಿ ಮುಗಿದು ಕೈ ತೆಗೆಯುವ ತನಕ ತಲೆ ಎತ್ತುವಂತಿಲ್ಲ. ನಂಜಜ್ಜನ ಕೈಗೆ ಸಿಕ್ಕರೆ ಬಿಡುಗಡೆ ಬೇಗ ಇಲ್ಲ ಎಂದು ಎಲ್ಲರಿಗೂ ಗೊತ್ತು.

“ಬದುಕು ಮಗಾ, ಬಾಳು. ಕೊಟ್ಟಿಗೆ ತುಂಬ ಎಮ್ಮೆ ಕಟ್ಟು. ಕಣ ತುಂಬ ಕೊರಲೆ ಒಕ್ಕು. ಕೊಡ ತುಂಬ ಜೇನು ಇಳಿಸು. ಹೊಲ ಕಾಯೋ ಅಟ್ಟದ ಮೇಲೆ ನಿನ್ನ ಮಕ್ಕಳು ಹಾಡಲಿ…”

ಸೋಮವಾರದ ಚಿಂತೆಯಲ್ಲಿದ್ದವಳ ಕಿವಿ ತಟ್ಟನೆ ಒಂದು ಕಡೆ ನಿಂತಿತು. ಅಜ್ಜನ ಕೈ ಎದ್ದದ್ದೇ ಕೇಳಿದಳು.

“ಅಜ್ಜ, ಕೊರಲೆ ಎಲ್ಲಿ ಬೆಳೀತಿದ್ರಿ? ನಾನು ನೋಡೇ ಇಲ್ಲ.”

“ನಿಮ್ಮಪ್ಪ ಟೀ ಹಾಕಿದ್ದಾನಲ್ಲ, ಆ ಇಳಿಜಾರೆಲ್ಲ ಕೊರಲೆಯೇ.”

“ಈಗ ಇಲ್ಲದ್ದನ್ನ ಯಾಕೆ ಹರಸ್ತೀರಿ?”

“ಹರಸೋಕೂ ಟೀ ಸೊಪ್ಪೇ ಆಗಬೇಕಾ?” ಎಂದು ನಗುತ್ತ ಅಜ್ಜ ಕೋಲೂರಿಕೊಂಡು ನಡೆದ.

ವಸಂತಾಮಣಿ ಕೊಡ ಅಲ್ಲೇ ಇಟ್ಟು ಮನೆಗೆ ಓಡಿದಳು. ಹೆತ್ತೆ, ಅಂದರೆ ಅಪ್ಪನ ತಾಯಿ, ಬಿಸಿಲಿಗೆ ಕಾಲು ಚಾಚಿ ಕೂತಿದ್ದಳು. ಮೊಮ್ಮಗಳು ತಲೆ ಬಗ್ಗಿಸಿದಳು. ಎಪ್ಪತ್ತರ ಹೆತ್ತೆಯ ಬಾಯಲ್ಲಿ ಕೊರಲೆ ಬರಲಿಲ್ಲ, ‘ಮೂಟೆ ಮೂಟೆ ಆಲೂಗಡ್ಡೆ ಬೀಳಲಿ’ ಎಂದು ಬಂತು. ಆ ಹರಕೆಯಲ್ಲಿ ಎಮ್ಮೆ ಒಂದೇ ಒಂದು ಉಳಿದಿತ್ತು. ಅಲ್ಲಿಂದ ಬೇಲಿ ಹಾರಿ ರಾಜಾಮಣಿ ಅತ್ತೆಯ ಮುಂದೆ ನಿಂತಳು. ಅತ್ತೆಗಿನ್ನೂ ನಲವತ್ತೈದು.

“ಇದೇನೇ ಇವತ್ತು ಇಷ್ಟು ಭಕ್ತಿ? ಹೂಂ, ಚೆನ್ನಾಗಿರು. ಒಳ್ಳೆ ಸಂಬಳದ ಗಂಡ ಸಿಗಲಿ. ಫ್ಯಾಕ್ಟರಿ ಲಾರಿ ನಿನ್ನ ಮನೆ ಬಾಗಿಲಿಗೇ ಬಂದು ಸೊಪ್ಪು ತಗೊಂಡು ಹೋಗಲಿ!”

ಮೂರು ತಲೆಮಾರಿನ ಕೈ, ಮೂರು ಕಾಲದ ಬೆಟ್ಟ. ಯಾವಾಗ ಎಮ್ಮೆ ಹೋಯಿತು, ಯಾವಾಗ ಆಲೂಗಡ್ಡೆ ಬಂತು, ಯಾವಾಗ ಟೀ ಹತ್ತಿತು, ಎಲ್ಲವೂ ಹುಟ್ಟಿದಾಗಿನಿಂದ ಅವಳ ತಲೆಯ ಮೇಲೆಯೇ ಸುರಿಯುತ್ತಿತ್ತು. ಅವಳು ಕೇಳಿಸಿಕೊಂಡಿರಲಿಲ್ಲ, ಅಷ್ಟೆ.

ಬರೆದುಕೊಳ್ಳಲು ಕೂತಾಗ ತೊಂದರೆ ಶುರುವಾಯಿತು.

“ಇನ್ನೊಂದು ಸಲ ಹೇಳು ಹೆತ್ತೆ, ಬರ್ಕೋತೀನಿ.”

“ಬರೀ ಗಾಳಿಗೆ ಹರಸೋದಾ? ತಲೆ ಎಲ್ಲಿ?”

ತಲೆ ಬಗ್ಗಿಸಿದರೆ ಬರೆಯಲಾಗದು, ಬರೆಯಲು ಕೂತರೆ ಹೆತ್ತೆ ಬಾಯಿ ಬಿಡಳು. ಮಡಿಲಲ್ಲಿ ಪುಸ್ತಕ ಇಟ್ಟುಕೊಂಡು ಬಗ್ಗಿ ನೋಡಿದಳು. ಹೆತ್ತೆಯ ಕೈಯ ಭಾರಕ್ಕೆ ಮೂಗು ಹೋಗಿ ಕಾಗದಕ್ಕೆ ತಾಗಿತು. ಅಕ್ಕಿ ಆರಿಸುತ್ತಿದ್ದ ಅವ್ವೆ ನಕ್ಕೂ ನಕ್ಕೂ ಮೊರ ಕೆಳಗಿಟ್ಟಳು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಾದಗೌಡರು ಒಳಗೆ ಬಂದರು. ರುಮಾಲು ತೆಗೆದು ಗೂಟಕ್ಕೆ ಹಾಕಿ ತಾಯಿಯ ಮುಂದೆ ಮಂಡಿಯೂರಿದರು.

“ತಲೆ ನಾನು ಕೊಡ್ತೀನಿ. ನೀನು ಬರಿ.”

ಹೆತ್ತೆ ಎರಡೂ ಕೈ ಇಟ್ಟಳು. ಆಲೂಗಡ್ಡೆ ಬಂತು, ಎಮ್ಮೆ ಬಂತು, ಕೊನೆಯಲ್ಲಿ ‘ಮಗಳ ಮಾತು ಕೇಳೋ ಬುದ್ಧಿ ಬೆಳೆಯಲಿ’ ಎಂದೂ ಬಂತು.

“ಅವ್ವೆ, ಇದು ಹಳೇ ಮಾತಾ?” ಬಗ್ಗಿದಲ್ಲಿಂದಲೇ ತಾಯಿಯನ್ನು ಕೇಳಿದರು ಗೌಡರು.

“ಇಲ್ಲ, ಈಗ ಸೇರಿಸಿದ್ದು. ಅದನ್ನೂ ಬರ್ಕೋ ಮಗಾ.”

ಭಾನುವಾರ ಅಪ್ಪ ಮಗಳು ಮನೆಮನೆ ತಿರುಗಿದರು. ಐವತ್ತು ದಾಟಿದ ಗೌಡರು ಸಣ್ಣ ಹುಡುಗನ ಹಾಗೆ ಎಲ್ಲರ ಮುಂದೆ ತಲೆ ಬಗ್ಗಿಸುವುದು ನೋಡಿ ರಂಗ ಮಾವ, “ಏನಪ್ಪಾ, ಎಲೆಕ್ಷನ್ನಿಗೆ ನಿಂತ್ಯಾ?” ಎಂದ.

ಸೋಮವಾರ ಪಂಕಜಂ ಮೇಡಂ ಹಾಳೆ ಓದಿದರು. ಕನ್ನಡಕ ತೆಗೆದರು.

“ಹರಸುವ ಮಾತು ಚರಿತ್ರೆಯೇನಮ್ಮಾ? ದಾಖಲೆ ಎಲ್ಲಿದೆ?”

ವಸಂತಾಮಣಿ ಹದಿನಾಲ್ಕು ಜನರ ಮಾತು ಬರೆದ ಪುಸ್ತಕ ಬಿಚ್ಚಿ, ಹರಸಿದವರ ವಯಸ್ಸಿನ ಪ್ರಕಾರ ಒಂದೊಂದಾಗಿ ಓದಿದಳು. ಎಮ್ಮೆಗಳು ಕಡಿಮೆಯಾಗುತ್ತ ಬಂದವು, ಲಾರಿ ಹತ್ತಿರವಾಗುತ್ತ ಬಂತು. ಮೇಡಂ ಕನ್ನಡಕ ಮತ್ತೆ ಹಾಕಿಕೊಂಡು ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡರು.

“ಈ ಮೊದಲನೆಯವರಿಗೆ ಎಷ್ಟು ವಯಸ್ಸು?”

“ಎಂಬತ್ನಾಲ್ಕೋ ಐದೋ, ಮೇಡಂ.”

“ಇವರಂಥವರು ಬೇರೆ ಹಟ್ಟಿಗಳಲ್ಲೂ ಇದ್ದಾರಾ?”

“ಇದ್ದಾರೆ ಮೇಡಂ. ಬಹಳ ಇಲ್ಲ.”

“ಮತ್ತೆ ಇಲ್ಲೇನು ಮಾಡುತ್ತಿದ್ದೀ? ಶಾಸನದ ಕಲ್ಲು ಇನ್ನೂ ಸಾವಿರ ವರ್ಷ ಅಲ್ಲೇ ಬಿದ್ದಿರುತ್ತದೆ. ಕಡಿಮೆಯೆಂದರೆ ಅರವತ್ತು ಜನರ ಮಾತು ಬೇಕು. ಹೋಗು, ಹೋಗು.” ಹಾಳೆಯ ಕೆಳಗೆ ರುಜು ಹಾಕಿಯೇಬಿಟ್ಟರು.

ಆ ಸಂಜೆ ಮಗಳು ತಂದ ಸುದ್ದಿ ಕೇಳಿ ಅವ್ವೆ ಬೆಲ್ಲದ ಡಬ್ಬಿ ತೆಗೆದಳು.

“ಅರವತ್ತು ಜನಾನಾ?” ಎಂದರು ಮಾದಗೌಡರು, ಕತ್ತಿನ ಹಿಂದೆ ಕೈ ಆಡಿಸುತ್ತ. “ಹಾಗಾದ್ರೆ ಒಂದಿಷ್ಟು ಎಣ್ಣೆ ಬಿಸಿ ಮಾಡಿ. ನಾಳೆ ಯಾವ ಹಟ್ಟಿಗೆ ಮಗಾ?”