ಆರನೆಯ ಕಲ್ಲು

ಮೊನ್ನೆ ಬೆಳಿಗ್ಗೆ ಚಟ್ನಿಗೆಂದು ತರಿಸಿದ್ದ ಪುಟಾಣಿಯ ಪೊಟ್ಟಣ ಬಿಚ್ಚಿದೆ. ಸುತ್ತಿದ ಕಾಗದ ಹಳೆಯ ಮರಾಠಿ ಪೇಪರಿನದು. ಅಕ್ಷರವಿದ್ದ ಕಾಗದವನ್ನು ಓದದೆ ಎಸೆಯಲು ನನಗೆ ಮನಸ್ಸಾಗುವುದಿಲ್ಲ. ಕನ್ನಡಕ ಮಾತ್ರ ಬೇಕಾದಾಗ ಸಿಕ್ಕುವುದಿಲ್ಲ. ಮೊಮ್ಮಗಳ ಕೈಗೆ ಕೊಟ್ಟೆ. ಯಾವುದೋ ಊರಿನ ಹೊಲದ ದಾವೆಯ ಸುದ್ದಿ. ಎಷ್ಟೋ ವರ್ಷ ನಡೆದು ಮೇಲಿನ ಕೋರ್ಟಿಗೆ ಹೋಗಿದ್ದನ್ನು ಅಲ್ಲಿಯವರು ತಾವು ತೀರ್ಮಾನಿಸದೆ, ತಿರುಗಿ ವಿಚಾರಣೆ ಮಾಡಿರೆಂದು ಕೆಳಗಿನ ಕೋರ್ಟಿಗೆ ಕಳಿಸಿದ್ದರಂತೆ.

"ಆಜಿ, ಇಷ್ಟ ದೊಡ್ಡ ಸಾಹೇಬರಿಗೆ ತಾವ ತೀರ್ಪ ಕೊಡಾಕ ಬರೂದಿಲ್ಲೇನು?" ಎಂದಳು. ಅವಳ ಕನ್ನಡ ಅರ್ಧ ದಾರಿ ನಡೆದು ಮರಾಠಿಗೆ ಹೊರಳುತ್ತದೆ. "ಉಗೀಚ ವೇಳ ವಾಯಾ" ಎಂದು ಕಾಗದ ಮಡಚಿದಳು.

ಸುಮ್ಮನೆ ಹೊತ್ತು ಹಾಳು ಎನ್ನುವುದು ಅವಳ ಮಾತಿನ ಅರ್ಥ. ನನಗೆ ನಗು ಬಂತು. "ಹಂಗ ಒಮ್ಮೆ ತಿರುಗಿ ಕಳಿಸಿದ್ದಕ್ಕ ನಾ ಈ ಮನ್ಯಾಗ ತಲಿ ಎತ್ತಿ ಬಾಳೇನಿ" ಎಂದೆ. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ, ಕುಳಿತುಕೊಳ್ಳಿ.

ನನ್ನ ತವರು ಮಿರಜಿ, ಕೊಟ್ಟ ಮನೆ ಸಾಂಗ್ಲಿ. ಆಗ ರಾಜರ ಕಾಲ, ಎರಡೂ ಬೇರೆ ಬೇರೆ ಸಂಸ್ಥಾನ. ಒಬ್ಬ ರಾಜನ ನೆಲದಲ್ಲಿ ಟಾಂಗಾ ಹತ್ತಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರೆ ಇನ್ನೊಬ್ಬ ರಾಜನ ನೆಲದಲ್ಲಿ ಉಗುಳಬಹುದು, ಅಷ್ಟೇ ದೂರ. ನಮ್ಮ ಅತ್ತೆಯವರು ಮಾತ್ರ ನನ್ನ ಮೇಲೆ ಸಿಟ್ಟು ಬಂದಾಗಲೆಲ್ಲ "ಪರರಾಜ್ಯದಾಕಿ" ಎನ್ನುತ್ತಿದ್ದರು. ಸಿಟ್ಟು ದಿನಕ್ಕೆ ಎರಡು ಸಲ ಬರುತ್ತಿತ್ತು, ಬಂದಷ್ಟೇ ಬೇಗ ಹೋಗುತ್ತಿತ್ತು. ಅದೂ ಒಂದು ಶಿವನ ಕೃಪೆ ಎಂದೇ ನಾನು ತಿಳಿದಿದ್ದೇನೆ.

ಮಾವನವರದು ಅರಿಷಿಣ ಬೆಲ್ಲದ ವ್ಯಾಪಾರ. ಹರಿಪುರದ ಕಡೆ ಹೊಳೆಯ ದಂಡೆಗೆ ಒಂದಿಷ್ಟು ಹೊಲವಿತ್ತು. ಮಾವನವರು ಅಂಗಡಿಯ ಗಾದಿ ಬಿಟ್ಟು ಹೊಲಕ್ಕೆ ಹೋಗುತ್ತಿದ್ದುದು ಅಪರೂಪ, ಆಳುಗಳೇ ನೋಡಿಕೊಳ್ಳುತ್ತಿದ್ದರು. ಪಕ್ಕದ ಹೊಲ ಸಿದ್ದಪ್ಪ ಕಾಕಾನದು. ಅವನು ಕುರಿ ಸಾಕುವವನು. ದಸರೆ ಮುಗಿದೊಡನೆ ಹಿಂಡು ಕಟ್ಟಿಕೊಂಡು ದೂರದ ಊರುಗಳಿಗೆ ಮೇಯಿಸಲು ಹೋದರೆ ಬೇಸಿಗೆಯ ಕೊನೆಗೇ ಮರಳುವುದು. ಅವನ ಹೊಲದ ದಂಡೆಯೆಲ್ಲ ಕಡಿದಾದ ದರಿ. ಕುರಿ ನೀರಿಗಿಳಿಯಲು ಇದ್ದುದು ಒಂದೇ ಇಳಿಜಾರು ದಾರಿ, ಅದೂ ನಮ್ಮ ಬದುವಿಗೆ ಹತ್ತಿಕೊಂಡು ಅವನ ಕಡೆಗೆ.

ನಾನು ಮದುವೆಯಾಗಿ ಬಂದ ವರ್ಷ ಕೃಷ್ಣೆ ತುಂಬಿ ಬಂದು ಹೊಳೆಯ ಕಡೆಗಿದ್ದ ಬದು, ಗಡಿಕಲ್ಲು, ದಾರಿ ಯಾವುದನ್ನೂ ಉಳಿಸಲಿಲ್ಲ. ನೀರು ಇಳಿದ ಮೇಲೆ ಎರಡೂ ಹೊಲ ಒಂದೇ ಕರಿ ಕಂಬಳಿ ಹಾಸಿದಂತೆ ಆಗಿದ್ದವಂತೆ. ಹೊಲ ಮೊದಲು ಹೇಗಿತ್ತೆಂದು ನಾನು ಕಂಡವಳಲ್ಲ. ಎಳ್ಳ ಅಮಾವಾಸ್ಯೆಗೆ ಚಕ್ಕಡಿ ಕಟ್ಟಿಸಿಕೊಂಡು ಚರಗ ಚೆಲ್ಲಲು ಹೋದಾಗಲೇ ಮೊದಲು ನೋಡಿದ್ದು. ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಕಡುಬು, ಪುಂಡಿಪಲ್ಯ, ಬುಟ್ಟಿಯ ತುಂಬ ಅಡಿಗೆ. ನಮ್ಮ ಕಡೆ ಆ ದಿನ ಹೊಲದ ಬನ್ನಿ ಗಿಡದ ಕೆಳಗೆ ಐದು ಕಲ್ಲಿಟ್ಟು, ಸುಣ್ಣ ಬಳಿದು, ಐವರು ಅಣ್ಣತಮ್ಮಂದಿರೆಂದು ಪೂಜಿಸಿ, ಆಮೇಲೆ ಹೊಲದ ತುಂಬ ಅನ್ನ ಚೆಲ್ಲಿ ಭೂಮಿತಾಯಿಗೆ ಉಣಿಸುತ್ತೇವೆ. ಕಲ್ಲಿಗೆ ಸುಣ್ಣ ಬಳಿಯುವ ಕೆಲಸ ಹೊಸ ಸೊಸೆಗೆ ಬಂತು.

ಈಗ ನನ್ನ ಜಾಣತನ ಕೇಳಿ. ಕೆಲಸ ಮಾಡುವಾಗ ಕೈಯ ಜೊತೆ ಬಾಯಲ್ಲಿ ಶಿವನಾಮ ಇರಬೇಕೆಂದು ನನ್ನ ಅವ್ವ ಕಲಿಸಿದ್ದಳು. ಪಂಚಾಕ್ಷರಿಗೆ ಐದು ಅಕ್ಷರ, ಅಕ್ಷರಕ್ಕೊಂದು ಕಲ್ಲು ಎಂದುಕೊಂಡು ಬಳಿಯುತ್ತ ಹೋದೆ. ಆದರೆ ನಮ್ಮ ತವರಿನಲ್ಲಿ ಓಂಕಾರ ಸೇರಿಸದೆ ಜಪ ಮಾಡಿದವರಿಲ್ಲ. ಓಂ ಎಂದು ಒಂದು ಕಲ್ಲು, ನ ಎಂದು ಒಂದು, ಮ ಎಂದು ಒಂದು. ಯ ಎನ್ನುವ ಹೊತ್ತಿಗೆ ಆರು ಕಲ್ಲು ಬೆಳ್ಳಗೆ ಹೊಳೆಯುತ್ತಿದ್ದವು, ಆರಕ್ಕೂ ಕುಂಕುಮ ಹಚ್ಚಿದೆ.

ಅತ್ತೆ ಸೊಂಟದ ಮೇಲೆ ಕೈಯಿಟ್ಟು ನೋಡಿದರು.

"ಐದ ಮಂದಿ ನನಗ ಗೊತ್ತು. ಈ ಆರನೇದಾಂವ ಯಾರವಾ? ಕರೀಲಾರದ ಬಂದ ಬೀಗ?"

"ಒರಸಿ ಒಗೀಲೇನ್ರಿ?"

"ಕುಂಕುಮ ಹಚ್ಚಿದ ಮ್ಯಾಲ ಒಗೀತಾರೇನು? ನಿಮ್ಮ ರಾಜ್ಯದಾಗ ಒಗೀತಿದ್ದೀರೇನೋ. ದೂರ ಒಂದ ಕಡೆ ಕುಂದರಿಸಿ ಬಾ."

ಅದನ್ನು ಎದೆಗವಚಿಕೊಂಡು ಇಪ್ಪತ್ತು ಹೆಜ್ಜೆ ನಡೆದೆ. ಯಾರ ಹೊಲ ಎಲ್ಲಿಗೆ ಮುಗಿಯುತ್ತದೆಂದು ನನಗೇನು ಗೊತ್ತು, ಬದುವೇ ಇರಲಿಲ್ಲ. ಹಸಿ ಮಣ್ಣಿನಲ್ಲಿ ಒತ್ತಿ ಇಟ್ಟು, ಅವನಿಗೂ ಒಂದು ತುತ್ತು ಕಡುಬು ಹಾಕಿ ಬಂದೆ. ಆಮೇಲೆ ಎಲ್ಲರೂ ಊಟಕ್ಕೆ ಕುಳಿತರು. ನನಗೆ ಅದು ಮರೆತೇ ಹೋಯಿತು.

ನಮ್ಮ ಆಳುಗಳು ಬೆಳ್ಳಗಿನ ಕಲ್ಲು ಕಂಡು, ಗಡಿ ಅದೇ ಎಂದು ಅಲ್ಲಿಯವರೆಗೆ ಗಳೆ ಹೊಡೆದರು. ಬೇಸಿಗೆಗೆ ಮರಳಿ ಬಂದ ಸಿದ್ದಪ್ಪ ಕಾಕಾ ನೋಡಿದರೆ ಅವನ ದಾರಿಯೆಲ್ಲ ನಮ್ಮ ಉಳುಮೆಯಲ್ಲಿ. ಮಾತಿಗೆ ಮಾತು ಬೆಳೆಯಿತು. ಸಿಟ್ಟಿನಲ್ಲಿ ಅವನು ಬನ್ನಿ ಗಿಡದವರೆಗೂ ತನ್ನದೇ ಎಂದ, ಮಾವನವರು ಕಲ್ಲಿನವರೆಗೂ ತಮ್ಮದೇ ಎಂದರು, ಸಾಂಗ್ಲಿಯ ಕೋರ್ಟಿನಲ್ಲಿ ದಾವೆ ಬಿತ್ತು. ಕೋರ್ಟಿನಿಂದ ಮೋಜಣಿಗೆ, ಎಂದರೆ ಹೊಲ ಅಳೆಯಲು, ಬಂದ ಸಾಹೇಬರು ಕೊಂಕಣದ ಕಡೆಯವರು, ನಮ್ಮ ಎಳ್ಳ ಅಮಾವಾಸ್ಯೆಯ ಹೆಸರೂ ಕೇಳಿದವರಲ್ಲ. ಸುಣ್ಣ ಬಳಿದ ಕಲ್ಲು ಕಂಡೊಡನೆ ಸರಪಳಿ ಅಲ್ಲಿಂದಲೇ ಹಿಡಿದರು. ಮಾವನವರು ಅದನ್ನು ಹಿರಿಯರ ಕಾಲದ ಕಲ್ಲೆಂದು ನಂಬಿ ಹಾಗೆಯೇ ಸಾಕ್ಷಿ ಹೇಳಿದರು. ಹಿಂದಿನ ವರ್ಷ ಆ ಕಲ್ಲು ಅಲ್ಲಿರಲಿಲ್ಲವೆಂದು ಸಿದ್ದಪ್ಪ ಕಾಕಾ ಎಷ್ಟು ಹೇಳಿದರೂ, ಹಾಗಾದರೆ ಎಲ್ಲಿಂದ ಬಂತು ಎಂದಾಗ, ತಾನು ಊರಲ್ಲಿರಲಿಲ್ಲವೆಂದ. ದಾವೆ ನಡೆದ ವರ್ಷ ಹೆಂಗಸರು ಹೊಲಕ್ಕೆ ಹೋಗುವುದು ಬೇಡವೆಂದು ಅಮಾವಾಸ್ಯೆಯ ಪೂಜೆ ಮನೆಯಲ್ಲೇ ಆಯಿತು. ನಮಗೆ ಅತ್ತೆ ಸೊಸೆಗೆ ದಾವೆ ನಡೆದಿದೆ ಎಂಬುದಷ್ಟೇ ಗೊತ್ತು, ಯಾವುದರ ಮೇಲೆ ನಡೆದಿದೆ ಎಂದು ಯಾರೂ ಹೇಳಲಿಲ್ಲ.

ಮಾವನವರು ಗೆದ್ದರು. ಪೇಢೆ ಹಂಚುತ್ತ, "ಸುಣ್ಣದ ಕಲ್ಲು ನಮ್ಮ ಮಾನ ಉಳಿಸಿತು" ಎಂದು ಬಂದವರಿಗೆ ಹೇಳುತ್ತಿದ್ದರು. ಪೇಢೆ ನನ್ನ ಬಾಯಲ್ಲಿ ಹಾಗೆಯೇ ನಿಂತಿತು.

ಅದು ನಾನಿಟ್ಟ ಕಲ್ಲು. ಹೊಸ ಸೊಸೆ, ಗೆದ್ದ ಮನೆ, ಹೇಗೆ ಹೇಳಲಿ? ಸೋಮವಾರ ಹರಿಪುರದ ಸಂಗಮದ ಗುಡಿಗೆ ಹೋದಾಗ ಸಿದ್ದಪ್ಪ ಕಾಕಾನ ಹೆಂಡತಿ ಲಗಮವ್ವ ತಲೆಯ ಮೇಲೊಂದು ಕಂಕುಳಲ್ಲೊಂದು ಕೊಡ ಹೊತ್ತು ಹೊಳೆಯಿಂದ ಏರಿ ಬರುತ್ತಿದ್ದಳು. ದಾರಿಗೆ ನಮ್ಮವರು ಮುಳ್ಳು ಹಚ್ಚಿದ್ದರು. ಗೆದ್ದ ಮನೆಯ ಸೊಸೆಯೆಂದು ಅವಳು ಮುಖ ತಿರುಗಿಸಲಿಲ್ಲ. "ಏನ ಮಾಡೂದವಾ, ಕುರಿಗೆ ಹೊಳಿ ಕಾಣತೈತಿ, ನೀರ ಮುಟ್ಟಾಕ ಬರೂದಿಲ್ಲ. ಅವು ಬ್ಯಾ ಅಂತ ಒದರೂದು ಕೇಳಾಕ ಆಗವಲ್ದು" ಎಂದಳು. ಆ ದಿನ ನಾನು ಗುಡಿಯಲ್ಲಿ ಕೈ ಮುಗಿದೆ, ಕಣ್ಣೆತ್ತಿ ಲಿಂಗ ನೋಡಲಾಗಲಿಲ್ಲ.

ಪಂಚಮಿಗೆ ತವರಿಗೆ ಹೋದೆ. ನನ್ನ ಸೋದರಮಾವ ಮಿರಜಿಯಲ್ಲಿ ವಕೀಲರು. ಉಂಡೆಯ ತಟ್ಟೆ ಮುಂದಿಟ್ಟು ಹೇಳಿದೆ.

"ಮಾಮಾ, ನಮ್ಮ ಮಾವನವರು ಗೆದ್ದ ದಾವಾ ಸುಳ್ಳ ಐತ್ರಿ."

"ಗೆದ್ದ ದಾವಾ ಎಲ್ಲಾ ಯಾರಿಗೋ ಒಬ್ಬರಿಗೆ ಸುಳ್ಳ ಇರತಾವ, ಪೋರಿ. ನಿನಗ್ಯಾಕ?"

"ಆ ಗಡಿಕಲ್ಲ ಇಟ್ಟಾಕಿ ನಾನರಿ."

ಮಾಮಾ ಉಂಡೆಯನ್ನು ತಟ್ಟೆಗೆ ಮರಳಿ ಇಟ್ಟರು. ಎಲ್ಲ ಕೇಳಿ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕರು, ಆಮೇಲೆ ಗಂಭೀರವಾದರು. ಸಿದ್ದಪ್ಪ ಅಪೀಲು ಹಾಕಿದ್ದಾನೆಂಬುದು ಅವರಿಗೆ ಗೊತ್ತಿತ್ತು.

"ಮೇಲಿನ ಕೋರ್ಟ ಅದನ್ನ ಸರಿ ಮಾಡೂದಿಲ್ಲೇನ್ರಿ?"

"ಕೆಳಗಿನವ್ರು ಎಲ್ಲಾ ಕೇಳಿ ತಪ್ಪ ತಿಳಕೊಂಡಿದ್ರ ಮೇಲಿನವ್ರು ತಾವ ತಿದ್ದತಾರ. ಕೇಳಬೇಕಾದ್ದನ್ನ ಕೇಳೇ ಇಲ್ಲಂದ್ರ ತಿದ್ದೂದು ಏನನ್ನ? ಆವಾಗ ಹೊಳ್ಳಿ ಕಳಸ್ತಾರ. ಫೇರಚೌಕಶಿ ಅಂತಾರ ಅದಕ್ಕ."

ನನಗೆ ತಟ್ಟನೆ ತಿಳಿಯಿತು. ಸಾರಿಗೆ ಉಪ್ಪು ಕಡಿಮೆಯಾದರೆ ಅತ್ತೆ ತಾವೇ ಒಂದು ಚಿಟಿಕೆ ಹಾಕಿಕೊಳ್ಳುತ್ತಾರೆ. ಬೇಳೆಯೇ ಬೆಂದಿರದಿದ್ದರೆ ಮೇಲೆ ಏನು ಹಾಕಿದರೇನು, ಪಾತ್ರೆ ತಿರುಗಿ ಒಲೆಗೇ ಹೋಗಬೇಕು. ಮಾಮಾಗೆ ಹಾಗೆಂದಾಗ, "ನಾ ಮೂರ ವರ್ಷ ಓದಿ ಕಲತದ್ದನ್ನ ನೀ ಬ್ಯಾಳ್ಯಾಗ ಹೇಳಿದಿ" ಎಂದರು. ಆದರೆ ಒಂದು ಎಚ್ಚರಿಕೆಯನ್ನೂ ಕೊಟ್ಟರು. ಸೋತವನಿಗೆ ಆಮೇಲೆ ಹೊಸ ಸಾಕ್ಷಿ ಸಿಕ್ಕೇ ಸಿಗುತ್ತದೆ, ಅದನ್ನೆಲ್ಲ ನಂಬಿ ತಿರುಗಿ ಕಳಿಸುತ್ತ ಕುಳಿತರೆ ಯಾವ ದಾವೆಯೂ ಮುಗಿಯುವುದಿಲ್ಲ. "ಸಿದ್ದಪ್ಪ ಹೋಗಿ ಹೇಳಿದರ ಯಾರೂ ಕೇಳೂದಿಲ್ಲ. ಗೆದ್ದವರ ಮನಿಂದ ಮಾತ ಬರಬೇಕು" ಎಂದರು.

ಸಾಂಗ್ಲಿಗೆ ಬಂದು ಅತ್ತೆಯ ಮುಂದೆ ಬಾಯಿ ಬಿಟ್ಟೆ. ಅವರು ಬಿಡಿಸುತ್ತಿದ್ದ ಸೊಪ್ಪನ್ನು ಕೆಳಗಿಟ್ಟು, "ಆ ಬೀಗನ?" ಎಂದರು. ಮಧ್ಯಾಹ್ನ ಮಾವನವರಿಗೆ ಬಡಿಸುತ್ತ, "ದಾವಾ ಗೆದ್ದದ್ದು ನೀವಲ್ಲರಿ, ನಿಮ್ಮ ಸೊಸಿ ಸುಣ್ಣದ ಗಡಿಗಿ" ಎಂದು ಎಲ್ಲ ಹೇಳಿಬಿಟ್ಟರು. ನಾನು ಬಾಗಿಲ ಹಿಂದೆ ನಿಂತು ಶಿವನಾಮ ಹೇಳುತ್ತಿದ್ದೆ, ಈ ಸಲ ಎಣಿಸದೆ.

ಮಾವನವರು ಅರ್ಧ ಊಟಕ್ಕೆ ಎದ್ದರು. ಎರಡು ದಿನ ಅಂಗಡಿಗೂ ಹೋಗಲಿಲ್ಲ. ನೆಲ ಹೋಗುತ್ತದೆಂದಲ್ಲ, ಹಿರಿಯರ ಕಾಲದ ಕಲ್ಲೆಂದು ದೇವರ ಮೇಲೆ ಆಣೆ ಮಾಡಿ ಹೇಳಿದ್ದು ಅವರನ್ನು ತಿನ್ನುತ್ತಿತ್ತು. "ಸೊಸಿ ಸಣ್ಣಾಕಿ, ಯಾವುದೋ ಕಲ್ಲ ನೋಡಿ ಯಾವುದೋ ಅಂತಾಳ" ಎಂದೂ ಅಂದು ನೋಡಿದರು. ಅತ್ತೆ, "ನೀವ ಹೋಗಿ ಅಳ್ಳಾಡಿಸಿ ನೋಡ್ರಿ. ಗಡಿಕಲ್ಲಾದರ ಅರ್ಧಕ್ಕರ್ಧ ನೆಲದಾಗ ಇರತೈತಿ" ಎಂದರು.

ಮೂರನೆಯ ದಿನ ಬೆಳಿಗ್ಗೆ ಒಬ್ಬರೇ ಹೋದರು. ಕಾಲಿನಿಂದ ಒಮ್ಮೆ ನೂಕಿದ್ದಕ್ಕೆ ಕಲ್ಲು ಕುಂಬಳಕಾಯಿಯಂತೆ ಉರುಳಿತಂತೆ. ಮನೆಗೆ ಬಂದು ನೀರು ಕುಡಿದು, "ನನ್ನ ಪಟಗಾ ಕೊಡ್ರಿ, ವಕೀಲರ ಕಡೆ ಹೋಗಬೇಕು" ಎಂದರು. ವಕೀಲರು ತಲೆ ಚಚ್ಚಿಕೊಂಡರೆಂದು ಆಮೇಲೆ ಕೇಳಿದೆ. ಗೆದ್ದ ದಾವೆಯನ್ನು ತಾವೇ ಕೆಡಿಸುವವರನ್ನು ಅವರು ಕಂಡಿರಲಿಲ್ಲ.

ಮಾವನವರು ಕಲ್ಲಿನ ನಿಜ ಬರೆದುಕೊಟ್ಟ ಮೇಲೆ, ಮೇಲಿನ ಕೋರ್ಟಿನಲ್ಲಿ ಸಿದ್ದಪ್ಪ ಕಾಕಾನ ವಕೀಲರು, ಕಲ್ಲು ಸುಳ್ಳಾಯಿತು, ಇನ್ನು ಬನ್ನಿ ಗಿಡದವರೆಗೆ ನಮ್ಮವನದೇ ಎಂದು ಬರೆದುಕೊಡಿ ಎಂದರಂತೆ. ಅಲ್ಲಿಯ ನ್ಯಾಯಾಧೀಶ ಸಾಹೇಬರು ಒಪ್ಪಲಿಲ್ಲ. ಒಬ್ಬರ ಮಾತು ತಪ್ಪಾದ ಮಾತ್ರಕ್ಕೆ ಇನ್ನೊಬ್ಬರದು ನಿಜವಾಗುವುದಿಲ್ಲ, ನಿಜವಾದ ಗಡಿ ಎಲ್ಲಿತ್ತೆಂದು ಇದುವರೆಗೆ ಯಾರನ್ನೂ ಸರಿಯಾಗಿ ಕೇಳಿಲ್ಲ, ಕೇಳಿಕೊಂಡು ಬನ್ನಿ ಎಂದು ತಿರುಗಿ ಕಳಿಸಿದರು. ಇದರಲ್ಲಿ ನ್ಯಾಯವಿತ್ತು. ಕಷ್ಟವೂ ಇತ್ತು. ಸಿದ್ದಪ್ಪ ಕಾಕಾ ನಮ್ಮ ಕಟ್ಟೆಗೆ ಬಂದು ಕುಳಿತು, "ಇನ್ನೊಂದ ವರ್ಷ ಆತಲ್ಲರಿ ಸಾವಕಾರ್ರ. ಕುರಿ ಬಾಯಿಗೆ ಏನ ಹೇಳ್ಲಿ?" ಎಂದ.

ಮಾವನವರು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅತ್ತೆಯ ದನಿ ಬಂತು. "ಕೋರ್ಟಿಂದ ಕೋರ್ಟ ನೋಡಕೊಳ್ಳಲಿ. ಕುರಿಗೆ ತಾರೀಖ ಕೊಡಾಕ ಬರೂದಿಲ್ಲ. ನಾಳೆ ಮುಳ್ಳ ತಗಸರಿ." ಮರುದಿನ ಮುಳ್ಳು ತೆಗೆದರು. ತಿರುಗಿ ಕಳಿಸುವ ಕೋರ್ಟುಗಳು ಜೊತೆಗೆ ಇಂಥದೊಂದು ಮಾತನ್ನೂ ಕಳಿಸಬೇಕೆಂದು ನನಗೆ ಇಂದಿಗೂ ಅನ್ನಿಸುತ್ತದೆ.

ಎರಡನೆಯ ಸಲ ಮೋಜಣಿಗೆ ಬಂದವರು ಅದೇ ಕೊಂಕಣದ ಸಾಹೇಬರು, ಮುಖ ಸ್ವಲ್ಪ ಸಣ್ಣದಾಗಿತ್ತು. ಈ ಸಲ ಲಗಮವ್ವನನ್ನು ಕೇಳಿದರು, ಕೆಲಸ ಬಿಟ್ಟಿದ್ದ ನಮ್ಮ ಹಳೆಯ ಆಳನ್ನು ಕೇಳಿದರು. ನೀರು ಮುಟ್ಟದಿದ್ದ ಮೇಲಿನ ತುದಿಯ ಗಡಿಕಲ್ಲಿನಿಂದ ಸರಪಳಿ ಹಿಡಿದರು. ನಾನೂ ಸೆರಗು ಹೊದ್ದು ಅತ್ತೆಯ ಹಿಂದೆ ನಿಂತಿದ್ದೆ. ಐದು ಕಲ್ಲಿನ ಪೂಜೆಗೆ ಆರು ಹೇಗಾಯಿತೆಂದು ಅವರು ಮರಾಠಿಯಲ್ಲಿ ಕೇಳಿದಾಗ, ಮಂತ್ರ ಹೇಳಿ ತೋರಿಸಿದೆ. ಅವರು ಬೆರಳು ಮಡಚುತ್ತ ಹೋಗಿ, "ಪಾಚ. ಓಂ ಧರೂನ ಸಹಾ" ಎಂದು ತಲೆ ತೂಗಿದರು. ಐದು, ಓಂ ಹಿಡಿದು ಆರು. ಹಾಗೆಂದೇ ಕಾಗದದಲ್ಲಿ ಬರೆದುಕೊಂಡರು.

ಗಡಿ ಬಿದ್ದದ್ದು ಬನ್ನಿ ಗಿಡದಿಂದ ಎಂಟು ಹೆಜ್ಜೆಗೆ. ಗಿಡ ನಮಗೆ ಉಳಿಯಿತು, ಹೊಳೆಯ ದಾರಿ ಸಿದ್ದಪ್ಪ ಕಾಕಾನಿಗೆ ಹೋಯಿತು. ಇಬ್ಬರೂ ಸ್ವಲ್ಪ ಸೋತರು, ಹಾಗಾಗಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಗುವುದು ಸಾಧ್ಯವಾಯಿತು. "ಯವ್ವಾ, ನಿನ್ನ ಶಿವಾ ಒಂದಕ್ಷರ ಹೆಚ್ಚಾಗಿ ನನ್ನ ಹೊಲಾ ತಿಂದಿದ್ದ. ಈಗ ಹೊಳ್ಳಿ ಕೊಟ್ಟ" ಎಂದ ಸಿದ್ದಪ್ಪ ಕಾಕಾ. ಮಾವನವರು, "ಇನ್ನ ಮುಂದ ಸುಣ್ಣದ ಗಡಿಗಿ ಈಕಿ ಕೈಯಾಗ ಕೊಡಬ್ಯಾಡ್ರಿ" ಎಂದರು. ಅಷ್ಟು ದಿನಗಳ ಮೇಲೆ ಅವರು ನನ್ನ ಬಗ್ಗೆ ಆಡಿದ ಮೊದಲ ಮಾತು ಅದು. ನನಗೆ ಪೇಢೆ ತಿಂದಷ್ಟು ಸಂತೋಷವಾಯಿತು.

ಮೊಮ್ಮಗಳಿಗೆ ಇಷ್ಟು ಹೇಳಿ ಮುಗಿಸಿದಾಗ ಅವಳು ನಕ್ಕು ತನ್ನ ಕೆಲಸಕ್ಕೆ ಹೋದಳು. ನನಗೆ ಮಾತ್ರ ಕುಳಿತಲ್ಲಿ ಕುಳ್ಳಿರಲಾಗಲಿಲ್ಲ. ಎಂಟು ದಿನಗಳಿಂದ ನಾನು ನನ್ನ ಸೊಸೆಯೊಡನೆ ಅಳೆದು ಮಾತಾಡುತ್ತಿದ್ದೆ. ಮಗಳ ಮನೆಗೆ ಹೋಗಿ ಬಂದ ಸಂಜೆ ದೇವರ ಜಗುಲಿಯಲ್ಲಿ ದೀಪದ ಬತ್ತಿ ಒಣಗಿತ್ತು. ನಾನಿಲ್ಲದ ಸೋಮವಾರ ಇವಳು ದೀಪ ಹಚ್ಚಿಲ್ಲವೆಂದು ನನ್ನಷ್ಟಕ್ಕೆ ತೀರ್ಮಾನ ಮಾಡಿಬಿಟ್ಟಿದ್ದೆ. ಅವಳನ್ನು ಒಂದು ಮಾತೂ ಕೇಳಿರಲಿಲ್ಲ.

ಅಡಿಗೆಮನೆಗೆ ಹೋಗಿ, "ಕುಂದರ ಬಾರವಾ. ಆ ಸೋಮವಾರ ಏನಾಗಿತ್ತು, ನೀನ ಹೇಳು" ಎಂದೆ. ಅವಳು ನನ್ನ ಮುಖ ನೋಡಿದಳು, ಕೈ ಒರೆಸಿಕೊಂಡು ಎದುರಿಗೆ ಕುಳಿತು ಹೇಳತೊಡಗಿದಳು. ನಾನು ನಡುವೆ ಬಾಯಿ ಹಾಕದೆ ಕೇಳಿದೆ. ಅದು ನನಗೆ ಎಷ್ಟು ಕಷ್ಟದ ಕೆಲಸ ಎಂಬುದು ನಮ್ಮ ಮನೆಯವರಿಗೆಲ್ಲ ಗೊತ್ತು.